ದೊಡ್ಡಮ್ಮನ ಹಗೇವು

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ತುರುವನೂರಿಗೆ ಹೋಗಿದ್ದೆ. ಬಸ್ಸು ಚಿತ್ರದುರ್ಗ ಬಿಟ್ಟು ಕೋಟೆಯ ಗುಡ್ಡಗಳು ಹಿಂದೆ ಸರಿದಂತೆ ಕಪ್ಪು ಎರೆಹೊಲಗಳು ಕಣ್ಣಿಗೆ ಬಿದ್ದವು. "ತಾತಾ, ತುರು ಅಂದ್ರೇನು?" ಅಂತ ಕೇಳಿದ. ಹಳಗನ್ನಡದಲ್ಲಿ ತುರು ಎಂದರೆ ದನ. "ಹಂಗಾದ್ರೆ ಇದು ದನಗಳ ಊರಾ?" ಎಂದು ನಕ್ಕ. ನನಗೆ ಮಾತ್ರ ಇದು ದೊಡ್ಡಮ್ಮನ ಊರು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ನನ್ನ ಬಾಲ್ಯದ ರಜೆಗಳೆಲ್ಲ ಆಕೆಯ ಮನೆಯಲ್ಲೇ ಕಳೆದವು. ರಾತ್ರಿ ಅಂಗಳದಲ್ಲಿ ಈಚಲು ಚಾಪೆ ಹಾಸಿ, ನಮ್ಮನ್ನೆಲ್ಲ ಕೂರಿಸಿಕೊಂಡು 1939ರ ಕಥೆ ಹೇಳುತ್ತಿದ್ದಳು. ಮೈಸೂರು ಸಂಸ್ಥಾನದ ಕಾಲ ಅದು. ಈಚಲು ಮರದಿಂದ ಹೆಂಡ, ಹೆಂಡದಿಂದ ಸರ್ಕಾರಕ್ಕೆ ಆದಾಯ. ಅದನ್ನು ವಿರೋಧಿಸಿ ತುರುವನೂರಿನಲ್ಲಿ ಜನ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ಮುಂದೆ ನಮ್ಮ ರಾಜ್ಯದ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರೂ ಆ ಹೋರಾಟದಲ್ಲಿ ಜೈಲಿಗೆ ಹೋದರು. ಆಗ ಹನ್ನೊಂದು ವರ್ಷದ ದೊಡ್ಡಮ್ಮ ಮರ ಕಡಿಯುವವರಿಗೆ ಬುತ್ತಿ ಹೊತ್ತು ಹೋಗಿದ್ದಳಂತೆ. "ಯಾರ ಮನೆ ರೊಟ್ಟಿ ಯಾರು ಉಂಡ್ರೋ, ಯಾರೂ ಕೇಳ್ಲಿಲ್ಲ ಕಣಪ್ಪಾ" ಅನ್ನುತ್ತಿದ್ದಳು.

ಆಕೆಯ ಮನೆಯ ಮುಂದೆ ಒಂದು ಹಗೇವು ಇತ್ತು. "ನೆಲದೊಳಗಿನ ಗೋಡೌನಾ?" ಎಂದ ಮೊಮ್ಮಗ. ಹೌದು. ಆಳವಾಗಿ ಗುಂಡಿ ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಮೊದಲು ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಇನ್ನೂ ಕಾಯಬೇಕು.

1972ರಲ್ಲಿ ಮಳೆ ಕೈಕೊಟ್ಟಿತು. ದೊಡ್ಡಮ್ಮ ಹಗೇವು ತೆಗೆಸಿದಳು. ಸೇರು ಹಿಡಿದು ಬಂದವರಿಗೆಲ್ಲ ಜೋಳ ಅಳೆದು ಕೊಟ್ಟಳು. ನಾನಾಗ ಬಿ.ಕಾಂ. ಓದುತ್ತಿದ್ದೆ, ಜಮಾ-ಖರ್ಚು ಕಲಿತ ಹೊಸತು. "ದೊಡ್ಡಮ್ಮಾ, ಯಾರಿಗೆ ಎಷ್ಟು ಕೊಟ್ಟೆ ಅಂತ ಬರ್ಕೋಬೇಡ್ವಾ? ಹಿಂಗೆ ಕೊಟ್ರೆ ನಿನಗೇ ಉಳಿಯಲ್ಲ" ಎಂದು ನೋಟ್‌ಬುಕ್ ತೆರೆದು ಕೂತೆ. ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಸೇರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿದಳು. ದೊಡ್ಡಮ್ಮ ಅವಳನ್ನು ಕರೆದು ಜೋಳ ಹಾಕಿ ಕಳಿಸಿದ ಮೇಲೆ ನನ್ನ ನೋಟ್‌ಬುಕ್ ಮುಚ್ಚಿದಳು. "ಬರ್ಕಂಡ್ರೆ ನಾಳೆ ಅವಳು ನನ್ ಮುಂದೆ ತಲೆ ಎತ್ತಿ ಓಡಾಡ್ತಾಳೇನಪ್ಪಾ?" ಅಂದಳು. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಮುಂದೆ ಬ್ಯಾಂಕಿನಲ್ಲಿ ಜೀವನವಿಡೀ ಲೆಕ್ಕ ಬರೆದೆ. ಒಂದು ಪೈಸೆ ತಪ್ಪಿದರೂ ರಾತ್ರಿಯವರೆಗೆ ಹುಡುಕಿದ್ದೇನೆ. ಆದರೆ ಆ ಹೆಂಗಸು ಹಿಂದೆ ಸರಿದದ್ದು ನೆನಪಾದಾಗ ಈಗಲೂ ನಾಚಿಕೆಯಾಗುತ್ತದೆ. ದೊಡ್ಡಮ್ಮನಿಗೆ ಅದನ್ನು ಹೇಳಬೇಕೆಂದಿದ್ದೆ. ಪ್ರತಿ ಸಲ ಊರಿಗೆ ಹೋದಾಗಲೂ ಉಂಡು, ಚಟ್ನಿಪುಡಿ ಕಟ್ಟಿಸಿಕೊಂಡು ಬಂದೆನೇ ಹೊರತು ಹೇಳಲಿಲ್ಲ.

ಎಂಬತ್ತೆಂಟನೆಯ ವಯಸ್ಸಿನಲ್ಲಿ ದೊಡ್ಡಮ್ಮ ತೀರಿಕೊಂಡಳು. ತಿಥಿಯ ದಿನ ಬೆಳಗ್ಗೆ ನೋಡಿದರೆ ಮನೆಮನೆಯಿಂದ ಜೋಳದ ರೊಟ್ಟಿ ಬರುತ್ತಿವೆ. ನಾವು ಯಾರಿಗೂ ಹೇಳಿರಲಿಲ್ಲ. ಬುಟ್ಟಿ ತುಂಬಿತು, ಮೊರ ತುಂಬಿತು, ಆಮೇಲೆ ಚಾಪೆಯ ಮೇಲೆ ಬಟ್ಟೆ ಹಾಸಿ ಪೇರಿಸಿದೆವು. ಹಳೆಯ ಅಭ್ಯಾಸ, ಎಣಿಸಲು ಶುರು ಮಾಡಿದೆ. ನೂರು ದಾಟುವಷ್ಟರಲ್ಲಿ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು. ಮತ್ತೆ ಎಣಿಸಲಿಲ್ಲ.

ಈಗ ಆ ಹಗೇವು ಮುಚ್ಚಿಹೋಗಿದೆ. ಬಾಯಿಕಲ್ಲು ಮಾತ್ರ ಕಾಣುತ್ತದೆ. ಮೊಮ್ಮಗ ಅದರ ಮೇಲೆ ನಿಂತು ಕುಣಿಯುತ್ತಿದ್ದಾಗ ಪಕ್ಕದ ಮನೆಯ ಹುಡುಗಿ ಬಂದು ಅವನ ಕೈಗೆ ಒಂದು ಹಿಡಿ ಹುರಿದ ಶೇಂಗಾ ಸುರಿದಳು. "ನೀನ್ಯಾರು?" ಅಂತ ಅವಳೂ ಕೇಳಲಿಲ್ಲ, ಇವನೂ ಕೇಳಲಿಲ್ಲ. ಇಬ್ಬರೂ ಕಲ್ಲಿನ ಮೇಲೆ ಕೂತು ತಿಂದರು.