ಹಕ್ಕಿ ಕಾಯುತ್ತ ಓದಿದ ದಿನಗಳು

ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ಹತ್ತಿ ಸುಗ್ಗಿ ಬಂದದ್ದು ಮೊದಲು ತಿಳಿಯುತ್ತಿದ್ದುದು ಕಿವಿಗೆ. ಜಿನ್ನಿಂಗ್ ಮಿಲ್ಲು ಶುರುವಾಯಿತೆಂದರೆ ಹಗಲೂ ರಾತ್ರಿ ಗುಂಯ್ ಎನ್ನುವ ಒಂದೇ ಸಪ್ಪಳ. ಅದರ ಮೇಲೆ ಹಿಟ್ಟಿನ ಗಿರಣಿಯ ಎಂಜಿನ್ನು, ಮದುವೆ ಮನೆಯ ಮೈಕು, ಹುಬ್ಬಳ್ಳಿ–ಗದಗ ರಸ್ತೆಯ ಲಾರಿಗಳ ಹಾರ್ನು. ಆ ವರ್ಷ ನಾನೂ ನನ್ನ ಗೆಳೆಯನೂ ಎಸ್ಸೆಸ್ಸೆಲ್ಸಿ. ಒಂದೇ ಪ್ರಮೇಯವನ್ನು ಎಷ್ಟು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಪುಸ್ತಕ ಮುಚ್ಚಿ ಎದ್ದರೆ ದಿನವಿಡೀ ಹೊಲ ಹರಗಿದವರಂತೆ ದಣಿವು.

ನಮ್ಮ ಕಾಕಾ ನೋಡಿ ನೋಡಿ ಒಂದಿನ ಅಂದರು: “ಹೊಲಕ್ಕ ಹೋಗ್ರೋ. ಹಕ್ಕಿ ಕಾದಂಗೂ ಆತು, ಓದಿದಂಗೂ ಆತು.”

ಹಿಂಗಾರಿ ಬಿಳಿಜೋಳದ ತೆನೆ ಹಾಲುಗಟ್ಟುವುದು ಸಂಕ್ರಮಣದ ಆಸುಪಾಸಿನಲ್ಲಿ. ಆಗ ಎರೆಹೊಲದ ನಡುವೆ ಅಟ್ಟಣಿಗೆ ಕಟ್ಟಿ ಕೂಡಬೇಕು. ಬೆಳಗ್ಗೆ, ಸಂಜೆ ಹಕ್ಕಿಗಳ ದಾಳಿ. ಗುಬ್ಬಿ, ಗಿಳಿ ಸಾಲದ್ದಕ್ಕೆ ಚಳಿಗಾಲ ಕಳೆಯಲು ಮಧ್ಯ ಏಷ್ಯಾದ ಕಡೆಯಿಂದ ಬರುವ ಗುಲಾಬಿ ಕಬ್ಬಕ್ಕಿಗಳು ಮೋಡದ ಹಾಗೆ ಇಳಿಯುತ್ತಿದ್ದವು. ಗೆಳೆಯ ಕವಣಿ ಬೀಸುತ್ತಿದ್ದ, ನಾನು ಡಬ್ಬಿ ಬಡಿಯುತ್ತಿದ್ದೆ. ಒಂದು ಚಿಂವ್ ಅಂದರೂ ಕಿವಿ ನೆಟ್ಟಗಾಗಬೇಕು. ಬಿಸಿಲೇರುವ ಹೊತ್ತಿಗೆ ಗಂಟಲೂ ತಲೆಯೂ ಬತ್ತಿ ಹೋಗಿರುತ್ತಿದ್ದವು.

ಮಧ್ಯಾಹ್ನ ಹಕ್ಕಿಗಳು ತಾವಾಗಿಯೇ ಜಾಲಿಗಿಡಗಳ ನೆರಳು ಸೇರುತ್ತಿದ್ದವು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಗುರೆಳ್ಳು ಚಟ್ನಿ ಮುಗಿಸಿದ ಮೇಲೆ ಓದಿನ ಹೊತ್ತು. ಆದರೆ ಗೆಳೆಯ ತಕ್ಷಣ ಪುಸ್ತಕ ತೆಗೆದವನಲ್ಲ. ಮುಖದ ಮೇಲೆ ಟಾವೆಲ್ ಹಾಕಿಕೊಂಡು ಅಂಗಾತ ಮಲಗಿಬಿಡುತ್ತಿದ್ದ. ನಾನು ಗದರಿದರೆ, “ತಡಿಯೋ ಮಾರಾಯಾ, ತಲಿ ತಿಳಿಯಾಗ್ಲಿ” ಅನ್ನುತ್ತಿದ್ದ. ಕೊನೆಗೆ ನಾನೂ ಪಕ್ಕದಲ್ಲಿ ಅಡ್ಡಾಗುತ್ತಿದ್ದೆ. ಒಣಗಿದ ಜೋಳದ ರವದಿಯಲ್ಲಿ ಗಾಳಿ ಆಡುವ ಸರಸರ, ಬೆಳವಗಳ ಗುಟುರು, ದೂರದ ದಾರಿಯಲ್ಲಿ ಚಕ್ಕಡಿ ಎತ್ತುಗಳ ಗಂಟೆಸರ. ಮುಂಜಾನೆ ಬೈದು ಓಡಿಸಿದ ಗುಬ್ಬಿಗಳೇ ಈಗ ಜಾಲಿಯೊಳಗೆ ಚಿಲಿಪಿಲಿ ಹಚ್ಚಿರುತ್ತಿದ್ದವು. ಅದು ಕಿವಿಗೆ ಹಿತವಾಗಿ ಬೀಳುತ್ತಿತ್ತು. ಆಮೇಲೆ ಕೂತರೆ ಮನೆಯಲ್ಲಿ ಬಿಡಿಸಲಾಗದ ಲೆಕ್ಕ ಅಲ್ಲಿ ಬಿಡಿಸಿಕೊಳ್ಳುತ್ತಿತ್ತು. ಸಂಜೆ ಕುಳ್ಳಿನ ಬೆಂಕಿಯಲ್ಲಿ ಸುಟ್ಟು ತಿಕ್ಕಿದ ಸೀತನಿ, ಬೆಲ್ಲ. ಅದರ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಗೆಳೆಯ ಮಾಡುತ್ತಿದ್ದುದಕ್ಕೆ ಶಾಸ್ತ್ರದ ಆಧಾರವೂ ಉಂಟೆಂದು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ. ಅಮೆರಿಕದ ಮನೋವಿಜ್ಞಾನಿ ದಂಪತಿ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ 1989ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ. ಬೇಡದ್ದನ್ನೆಲ್ಲ ತಳ್ಳಿಹಾಕಿ ಒಂದರ ಮೇಲೆ ಮನಸ್ಸಿಡುವ ಶಕ್ತಿ ದುಡಿದಂತೆ ದಣಿಯುತ್ತದೆ. ಗಾಳಿ, ಎಲೆ, ನೀರು ಮನಸ್ಸನ್ನು ಬಲವಂತವಿಲ್ಲದೆ ಹಿಡಿದುಕೊಳ್ಳುತ್ತವೆ, ಅಷ್ಟರಲ್ಲಿ ಆ ಶಕ್ತಿ ಸುಧಾರಿಸಿಕೊಳ್ಳುತ್ತದೆ. ಸ್ವೀಡನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಮೊದಲು ಕಠಿಣ ಲೆಕ್ಕ ಕೊಟ್ಟರು, ಆಮೇಲೆ ಕಾರಂಜಿ–ಹಕ್ಕಿಗಳ ಸದ್ದನ್ನೋ ವಾಹನಗಳ ಗದ್ದಲವನ್ನೋ ಕೇಳಿಸಿದರು. ಚರ್ಮದ ಮೇಲೆ ಅಳೆದ ಒತ್ತಡದ ಗುರುತು ಹಕ್ಕಿಗಳ ಸದ್ದಿನಲ್ಲಿ ಬೇಗ ಇಳಿಯುವ ಲಕ್ಷಣ ಕಂಡಿತು. ನ್ಯೂಯಾರ್ಕಿನ ಶಾಲೆಯೊಂದರಲ್ಲಿ ರೈಲು ಹಳಿಯ ಬದಿಯ ಕೋಣೆಗಳ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿದ್ದನ್ನು 1975ರಲ್ಲೇ ತೋರಿಸಲಾಗಿತ್ತು. ಸದ್ದು ತಗ್ಗಿಸಿದ ಮೇಲೆ ಆ ಅಂತರ ಅಳಿಯಿತು. ಅದನ್ನು ಓದಿದಾಗ ನಮ್ಮ ಮಿಲ್ಲಿನ ಓಣಿ ಕಣ್ಮುಂದೆ ಬಂತು.

ಆದರೆ ನಮ್ಮ ಅಟ್ಟಣಿಗೆ ಇನ್ನೊಂದು ಪಾಠವನ್ನೂ ಕಲಿಸಿತ್ತು. ಹಕ್ಕಿಯ ದನಿ ತನ್ನಷ್ಟಕ್ಕೇ ಮದ್ದಲ್ಲ. ಕಾಯುವ ಹೊತ್ತಿನಲ್ಲಿ ಅದೇ ದನಿ ನಮ್ಮನ್ನು ಹಣ್ಣು ಮಾಡುತ್ತಿತ್ತು. ನಮ್ಮಿಂದ ಏನನ್ನೂ ಕೇಳದಿದ್ದಾಗ ಮಾತ್ರ ಅದು ವಿಶ್ರಾಂತಿ.

ನಾನೀಗ ಹುಬ್ಬಳ್ಳಿಯಲ್ಲಿದ್ದೇನೆ. ಗೆಳೆಯ ಊರಲ್ಲೇ ಒಕ್ಕಲುತನ ಮಾಡುತ್ತಾನೆ. ಜೋಳದ ಹೊಲದಲ್ಲೀಗ ಕಡಲೆ. ಹಕ್ಕಿ ಕಾಯುವ ತ್ರಾಸಿಲ್ಲ, ಅಟ್ಟಣಿಗೆ ಕಟ್ಟುವವರೂ ಇಲ್ಲ. ಅವನ ಮಗ ಧಾರವಾಡದಲ್ಲಿ ರಸ್ತೆಗೆ ಹತ್ತಿದ ಖೋಲಿಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾನೆ. ಮೊನ್ನೆ ಫೋನು ಮಾಡಿ, “ಅಪ್ಪಾ, ಗದ್ದಲದಾಗ ಏನೂ ತಲಿಗೆ ಹೋಗವಲ್ದು” ಅಂದನಂತೆ.

“ಕಾಲೇಜಿನ ಗಿಡಗಳ ಕೆಳಗ ಹೋಗು. ಪುಸ್ತಕ ತೆಗಿಯೂಕಿಂತ ಮೊದಲ ಸ್ವಲ್ಪ ಮಲ್ಕೊ.”

“ಮಲ್ಕೊಂಡ್ರ ವಾಚ್‌ಮನ್ ಎಬ್ಬಸ್ತಾನಪಾ.”

“ಹಂಗಾರ ಕುಂತs ಕೇಳು. ಮಲ್ಕೊಳ್ಳೂದು ನನ್ನ ಚಟ ಆಗಿತ್ತು. ಬೇಕಾಗಿದ್ದು ಕಿವಿಗೆ ರಜಾ.”