ಐಬು ಮತ್ತು ತಕರಾರು

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಮಾರಾಟವೆಂದರೆ ಒಂದು ಕಾಲಕ್ಕೆ ದನದ ಮಾರಾಟವೇ ಆಗಿತ್ತು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂಬ ಹೆಸರಿಟ್ಟವರು ಟಿಪ್ಪು ಸುಲ್ತಾನರು. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಎತ್ತು ಕೊಳ್ಳಲು ಹೋದ ಹಿರಿಯರು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಆ ಬಳಿಕವೇ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರು. ಇಂದು ಎತ್ತಿನ ಜಾಗಕ್ಕೆ ಹಳೆಯ ಕಾರು ಬಂದಿದೆ. ಅಸರ್ ನಮಾಝಿನ ನಂತರ ಮಸೀದಿಯ ಕಟ್ಟೆಯ ಮೇಲೆ ಕುಳಿತರೆ ವಾರಕ್ಕೊಂದಾದರೂ ಕಾರಿನ ತಕರಾರು ಕಿವಿಗೆ ಬೀಳುತ್ತದೆ. ಮಾರಿದವನೂ ಕೊಂಡವನೂ ಒಂದೇ ಸಫ್ಫಿನಲ್ಲಿ ನಿಂತು ನಮಾಝ್ ಮಾಡುತ್ತಾರೆ, ಆದರೆ ಸಲಾಂ ಹೇಳುವುದಿಲ್ಲ.

ಕನ್ನಡವನ್ನು ಓದಿದವನಾದ್ದರಿಂದ ಒಂದು ಮಾತು. ಐಬು, ತಕರಾರು ಇವೆರಡೂ ಅರಬ್ಬಿಯಿಂದ ನಮ್ಮ ನುಡಿಗೆ ಬಂದ ಪದಗಳು. ಐಬು ಅರ್ಥ ಕಳೆದುಕೊಳ್ಳದೆ ಬಂದಿದೆ. ತಕರಾರು ಮಾತ್ರ ಮೂಲದಲ್ಲಿ ಪುನರಾವರ್ತನೆ ಎಂದಷ್ಟೇ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಐಬನ್ನು ಒಮ್ಮೆಯೂ ಬಾಯಿಬಿಟ್ಟು ಹೇಳದಿದ್ದ ಕಡೆ ತಕರಾರು ನೂರು ಸಲ ನಡೆಯುವುದನ್ನು ನಾನು ಕಂಡಿದ್ದೇನೆ.

ಎರಡು ವರ್ಷಗಳ ಹಿಂದೆ ನಾನೇ ಒಂದು ಸಣ್ಣ ಕಾರನ್ನು ಮಾರಿದೆ. ಒಂಬತ್ತು ವರ್ಷ ನಮ್ಮ ಮನೆಯಲ್ಲಿದ್ದ ಕಾರು. ಕೊಂಡವನು ಕಡೂರು ಕಡೆಯ ಯುವಕ, ಬೆಲೆ 1,35,000 ರೂಪಾಯಿ. ಎ.ಸಿ. ಕೆಲಸ ಮಾಡುವುದಿಲ್ಲ, ಹಿಂದಿನ ಎಡಬಾಗಿಲಿನಿಂದ ಮಳೆನೀರು ಇಳಿಯುತ್ತದೆ, ಎಂಜಿನ್ ಆಯಿಲ್ ತುಸು ಹೆಚ್ಚು ಕುಡಿಯುತ್ತದೆ ಎಂದು ಇಬ್ಬರು ಹಿರಿಯರ ಎದುರಿನಲ್ಲಿ ಹೇಳಿದ್ದೆ. ಅವನು ತನ್ನ ಮೆಕ್ಯಾನಿಕನನ್ನು ಕರೆತಂದಿದ್ದ. ಬೀರೂರಿನವರೆಗೆ ಓಡಿಸಿಯೂ ನೋಡಿದ್ದ. ಹತ್ತೊಂಬತ್ತನೆಯ ದಿನ ಫೋನ್ ಬಂತು.

"ಹಜರತ್, ಗೇರ್ ಬಾಕ್ಸ್ ಹೋಗಿದೆ. 26,000 ಆಗ್ತದಂತೆ. ನಿಮ್ಮ ಮುಖ ನೋಡಿ ತಗೊಂಡೆ ನಾನು."

ಗೇರ್ ಬಾಕ್ಸಿನ ವಿಷಯ ನನಗೆ ಖಂಡಿತ ತಿಳಿದಿರಲಿಲ್ಲ. ನನ್ನ ಭಾವಮೈದ ಕೋರ್ಟು ಕಚೇರಿಗಳ ಪರಿಚಯವಿರುವ ಮನುಷ್ಯ. "ಭಾವ, ನೋಡಿ ತಗೊಂಡಿದ್ದಾನೆ, ಮೆಕ್ಯಾನಿಕ್ ತೋರಿಸಿದ್ದಾನೆ. ಒಂದು ರೂಪಾಯಿ ಕೊಡಬೇಡಿ, ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ" ಎಂದ.

ಕಾಯ್ದೆಯ ದೃಷ್ಟಿಯಿಂದ ಅವನ ಮಾತು ಬಹುಮಟ್ಟಿಗೆ ಸರಿಯೇ. ಸರಕು ಮಾರಾಟ ಕಾಯ್ದೆ 1930ರದು. ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟದಲ್ಲಿ ವಸ್ತುವಿನ ಗುಣಮಟ್ಟದ ಬಗ್ಗೆ ಹೇಳದ ಭರವಸೆ ಇದೆಯೆಂದು ಅದು ಸಾಮಾನ್ಯವಾಗಿ ಭಾವಿಸುವುದಿಲ್ಲ, ಕೊಳ್ಳುವವನೇ ಎಚ್ಚರದಿಂದಿರಬೇಕು. ವ್ಯಾಪಾರಿಯಲ್ಲದವನು ತನ್ನ ಸ್ವಂತ ಕಾರನ್ನು ಮಾರಿದರೆ ಗ್ರಾಹಕ ಆಯೋಗದ ಬಾಗಿಲೂ ಸಾಮಾನ್ಯವಾಗಿ ತೆರೆಯುವುದಿಲ್ಲ. 1872ರ ಕರಾರು ಕಾಯ್ದೆಯ 17ನೇ ಕಲಮು ವಂಚನೆ ಎಂದರೇನು ಎಂದು ವಿವರಿಸುತ್ತದೆ. ತಿಳಿದೂ ತಿಳಿದೂ ಮರೆಮಾಚುವುದು ವಂಚನೆ. ಮೀಟರನ್ನು ಹಿಂದಕ್ಕೆ ತಿರುಗಿಸಿದವನು, ಅಪಘಾತವಾದ ಬಾಡಿಗೆ ಬಣ್ಣ ಹೊಡೆದು ಹೊಸದೆಂದವನು ಇದರಲ್ಲಿ ಸಿಕ್ಕಿಬೀಳುತ್ತಾನೆ. ಆದರೆ ಬರಿಯ ಮೌನ ಸಾಮಾನ್ಯವಾಗಿ ವಂಚನೆಯಲ್ಲ.

ಆ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆ ಕುದುರೆಯದು. ಕುದುರೆಗೆ ಐಬಿದೆಯೆಂದು ಗೊತ್ತಿದ್ದರೂ ಮಾಲೀಕ ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವಳು ಈಗತಾನೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾಗಿದ್ದರೆ ಮಾತ್ರ ಆ ಸಂಬಂಧದ ಕಾರಣದಿಂದ ಹೇಳುವುದು ಅವನ ಕರ್ತವ್ಯವಾಗುತ್ತದೆ. ಇದನ್ನು ಓದಿದಾಗ ನನಗೆ ಅನಿಸಿದ್ದು ಇಷ್ಟೇ: ಕಾಯ್ದೆ ಮಗಳಿಗೆ ಕೊಡುವ ಹಕ್ಕನ್ನು ಪ್ರವಾದಿ(ಸ)ಯವರು ಸಂತೆಗೆ ಬಂದ ಪ್ರತಿಯೊಬ್ಬ ಗ್ರಾಹಕನಿಗೂ ಕೊಟ್ಟರು. ಧಾನ್ಯದ ರಾಶಿಯ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಪ್ರವಾದಿ(ಸ)ಯವರು ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಮಳೆ ಬಿತ್ತೆಂದು ಮಾರುವವನು ಹೇಳಿದ. ಒದ್ದೆಯಾದುದನ್ನು ಜನರು ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಅವರು ಕೇಳಿದರು. ಮಳೆ ತರಿಸಿದ ದೋಷ ಅವನ ಮೇಲಿರಲಿಲ್ಲ. ಪ್ರಶ್ನೆ ಬಂದದ್ದು ಒದ್ದೆಯನ್ನು ಎಲ್ಲಿಟ್ಟ ಎಂಬುದರ ಬಗ್ಗೆ.

ಇನ್ನೊಂದು ಕುದುರೆಯ ಕಥೆಯೂ ಇದೆ. ಸಹಾಬಿ ಜರೀರ್ ಬಿನ್ ಅಬ್ದುಲ್ಲಾ(ರ)ರಿಗಾಗಿ ಅವರ ಸೇವಕ 300 ದಿರ್ಹಮಿಗೆ ಒಂದು ಕುದುರೆಯನ್ನು ಗೊತ್ತುಮಾಡಿದ. ಕುದುರೆ ಅದಕ್ಕಿಂತ ಬೆಲೆಬಾಳುವಂಥದ್ದೆಂದು ಕಂಡ ಅವರು ಮಾಲೀಕನ ಬಳಿ ತಾವೇ ಬೆಲೆಯನ್ನು ಏರಿಸುತ್ತಾ ಹೋಗಿ 800 ಕೊಟ್ಟರು. ಕೊಳ್ಳುವವನಿಗೂ ಅಮಾನತ್ ಇದೆ ಎಂಬುದನ್ನು ನಾವು ಖುತ್ಬಾಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ.

ನನ್ನ ಪ್ರಕರಣಕ್ಕೆ ಬರುತ್ತೇನೆ. ನನಗೆ ಗೊತ್ತೇ ಇಲ್ಲದ ಐಬಿಗೆ ನಾನೇಕೆ ಹೊಣೆ? ಇಲ್ಲಿ ಫಿಕ್ಹಿನ ದಾರಿ ಕಾಯ್ದೆಯ ದಾರಿಯಿಂದ ಬೇರೆಯಾಗುತ್ತದೆ. ಖಿಯಾರುಲ್ ಐಬ್, ಅಂದರೆ ಐಬಿನ ಕಾರಣಕ್ಕೆ ವಸ್ತುವನ್ನು ಹಿಂದಿರುಗಿಸುವ ಹಕ್ಕು, ಮಾರಿದವನ ಅರಿವನ್ನು ಅವಲಂಬಿಸಿಲ್ಲ. ಐಬು ಮಾರಾಟಕ್ಕೆ ಮೊದಲೇ ಇತ್ತೇ, ಕೊಂಡವನಿಗೆ ಅದು ತಿಳಿದಿರಲಿಲ್ಲವೇ ಎಂಬವೇ ಮುಖ್ಯ ಪ್ರಶ್ನೆಗಳು. ತಿಳಿದೂ ಮುಚ್ಚಿಟ್ಟರೆ ಅದು ಪಾಪ. ತಿಳಿಯದಿದ್ದರೆ ಪಾಪವಿಲ್ಲ, ಹಣದ ಲೆಕ್ಕ ಮಾತ್ರ ಉಳಿಯುತ್ತದೆ. ಆದ್ದರಿಂದ ಕೊಡುವುದು ತಪ್ಪೊಪ್ಪಿಗೆಯೆಂಬ ಭಾವಮೈದನ ಮಾತನ್ನು ನಾನು ಒಪ್ಪಲಿಲ್ಲ. ಮಾರುವಾಗಲೇ ಯಾವ ಐಬಿಗೂ ನಾನು ಹೊಣೆಯಲ್ಲ ಎಂದು ಷರತ್ತು ಹಾಕಿದರೆ ಹನಫೀ ಮದ್‌ಹಬಿನಲ್ಲಿ ಆ ಷರತ್ತು ನಡೆಯುತ್ತದೆ, ನಿಜ. ಆದರೆ ತನಗೆ ಗೊತ್ತಿರುವ ಐಬನ್ನು ಆ ಷರತ್ತಿನ ಮರೆಯಲ್ಲಿ ಬಚ್ಚಿಡುವವರನ್ನು ಕಂಡಾಗ ನನಗೆ ಧಾನ್ಯದ ರಾಶಿಯೇ ನೆನಪಾಗುತ್ತದೆ.

ಐಬು ಯಾವುದೆಂದು ಹೇಳುವವರು ಯಾರು? ಉಸ್ಮಾನೀ ಸಾಮ್ರಾಜ್ಯವು 1869ರಿಂದ 1876ರವರೆಗೆ ಹನಫೀ ಫಿಕ್ಹನ್ನು ಕಲಮುಗಳಾಗಿ ಜೋಡಿಸಿ ಹೊರತಂದ ‘ಮಜಲ್ಲಾ’ದ ಪ್ರಕಾರ, ಆಯಾ ಕಸುಬನ್ನು ಬಲ್ಲವರ ದೃಷ್ಟಿಯಲ್ಲಿ ಬೆಲೆಯನ್ನು ತಗ್ಗಿಸುವಂಥದ್ದೇ ಐಬು. ಅಂದಮೇಲೆ ಕಾರಿನ ವಿಷಯದಲ್ಲಿ ಮುಫ್ತಿಗಿಂತ ಮೊದಲು ಮೆಕ್ಯಾನಿಕನ ಮಾತು ಬೇಕು. ಅವನ ಮೆಕ್ಯಾನಿಕನೂ ಬೇಡ, ನನ್ನವನೂ ಬೇಡವೆಂದು ಇಬ್ಬರೂ ಒಪ್ಪಿ ತರೀಕೆರೆಯ ಒಂದು ಗ್ಯಾರೇಜಿಗೆ ಕಾರನ್ನು ಎಳೆಸಿಕೊಂಡು ಹೋದೆವು. ಗೇರ್ ಬಾಕ್ಸ್ ಬಿಚ್ಚಲು ಮಧ್ಯಾಹ್ನದವರೆಗೆ ಹಿಡಿಯಿತು. ಕೈಗೆ ಮೆತ್ತಿದ ಆಯಿಲನ್ನು ಒರೆಸಿಕೊಳ್ಳುತ್ತಾ ಆತ ಹೇಳಿದ: "ಬೇರಿಂಗ್ ಸವೆದದ್ದು ತಿಂಗಳುಗಟ್ಟಲೆಯ ಕೆಲಸ, ಹತ್ತೊಂಬತ್ತು ದಿನದ್ದಲ್ಲ. ಹಲ್ಲು ಮುರಿದದ್ದು ಹೊಸದು. ಲೋಡ್ ಹಾಕಿ ಎಳೆದಿದ್ದೀರಿ." ಯುವಕ ತಲೆ ತಗ್ಗಿಸಿದ. ಅಡಿಕೆ ಮೂಟೆ ಹೇರಿದ್ದನ್ನು ಒಪ್ಪಿಕೊಂಡ.

ಹಳೆಯ ಐಬು ನನ್ನ ಕಾಲದ್ದು, ಹೊಸದು ಅವನ ಕೈಯಲ್ಲಿ ಆದದ್ದು. ಹೀಗಾದಾಗ, ಮಾರಿದವನು ಇದ್ದ ಸ್ಥಿತಿಯಲ್ಲೇ ಹಿಂದಕ್ಕೆ ಪಡೆಯಲು ಒಪ್ಪದ ಹೊರತು, ವಸ್ತುವನ್ನು ಹಿಂದಿರುಗಿಸುವ ಹಕ್ಕು ಹೋಗುತ್ತದೆ. ಹಳೆಯ ಐಬಿನಿಂದ ಬೆಲೆಯಲ್ಲಿ ಆದ ಕೊರತೆಯನ್ನು ಕೇಳುವ ಹಕ್ಕು ಉಳಿಯುತ್ತದೆ. ಐಬು ಕಂಡ ಮೇಲೂ ಓಡಿಸುತ್ತಲೇ ಇದ್ದರೆ ಅದು ಐಬನ್ನು ಒಪ್ಪಿಕೊಂಡಂತೆ. ಆ ಯುವಕ ಅಂದೇ ಕಾರನ್ನು ನಿಲ್ಲಿಸಿದ್ದ, ಅದು ಅವನ ಒಳ್ಳೆಯತನ. ಬೇರಿಂಗ್ ಸವೆದದ್ದು ಗೊತ್ತಿದ್ದರೆ ಕಾರಿಗೆ ಎಷ್ಟು ಕಡಿಮೆ ಬರುತ್ತಿತ್ತೆಂದು ಮೆಕ್ಯಾನಿಕನನ್ನು ಕೇಳಿದೆವು. 12,000 ಎಂದ. ಅವನು ಕೇಳಿದ್ದು 26,000, ಭಾವಮೈದ ಹೇಳಿದ್ದು ಸೊನ್ನೆ. ಮದ್ರಸದ ಸಂಬಳದಲ್ಲಿ 12,000 ಸಣ್ಣ ಮೊತ್ತವಲ್ಲ. ಎರಡು ಕಂತಿನಲ್ಲಿ ಕೊಡುತ್ತೇನೆಂದೆ. ಮಾರಾಟವನ್ನೇ ರದ್ದುಮಾಡಿ ಕಾರನ್ನು ಮರಳಿ ಪಡೆಯುವ ಇಖಾಲಾವನ್ನೂ ಯೋಚಿಸಿದ್ದುಂಟು. ಪಶ್ಚಾತ್ತಾಪಪಟ್ಟವನ ವ್ಯವಹಾರವನ್ನು ರದ್ದುಮಾಡಿಕೊಡುವವನಿಗೆ ದೊಡ್ಡ ಪ್ರತಿಫಲದ ವಾಗ್ದಾನ ಹದೀಸಿನಲ್ಲಿದೆ. ಆದರೆ ಆ ಹಣವಾಗಲೇ ಮಗಳ ಕಾಲೇಜಿನ ಶುಲ್ಕಕ್ಕೆ ಹೋಗಿತ್ತು.

ಆಗ ನಾನೂ ಒಂದು ಮಾತು ಕೇಳಬೇಕಾಯಿತು. ಗೇರ್ ಬಾಕ್ಸಿನ ತೀರ್ಮಾನವಾಗುವ ತನಕ ಆರ್‌ಸಿಯನ್ನು ತನ್ನ ಹೆಸರಿಗೆ ಮಾಡಿಸುವುದಿಲ್ಲವೆಂದು ಅವನು ಹಟ ಹಿಡಿದಿದ್ದ. ಸಹಿ ಮಾಡಿದ ಫಾರಂ 29 ಮತ್ತು 30 ಅವನ ಬಳಿಯೇ ಇದ್ದವು. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ವರ್ಗಾವಣೆಯನ್ನು ತಿಳಿಸಬೇಕು. ನನ್ನ ಪಾಲಿನದನ್ನು ನಾನು ತಿಳಿಸಿದ್ದೆ. ಆದರೂ ದಾಖಲೆಯಲ್ಲಿ ಹೆಸರು ಬದಲಾಗುವ ತನಕ ನಿದ್ರೆ ಬರುವುದಿಲ್ಲ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಹೇಳಿದ್ದು ಇದನ್ನೇ: ಕಾರು ಕೈಯಿಂದ ಕೈಗೆ ಎಷ್ಟು ಸಲ ಹೋಗಿದ್ದರೂ, ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆಗಾರ. ಅಡಿಕೆ ಮೂಟೆ ಹೇರಿಕೊಂಡು ಓಡುತ್ತಿದ್ದ ಆ ಕಾರು ದಾರಿಯಲ್ಲಿ ಯಾರಿಗಾದರೂ ತಗುಲಿದ್ದರೆ ನೋಟಿಸು ಬರುತ್ತಿದ್ದುದು ನನ್ನ ಮನೆಗೆ.

"ನೋಡಪ್ಪ, ಗೇರ್ ಬಾಕ್ಸ್ ನಿನ್ನ ಹಕ್ಕು, ಆರ್‌ಸಿ ನನ್ನ ಹಕ್ಕು. ಒಂದನ್ನು ಇನ್ನೊಂದಕ್ಕೆ ಒತ್ತೆ ಇಡಬೇಡ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಹಜರತ್, ನಾಳೆನೇ ಹೋಗ್ತೀನಿ" ಎಂದ.

7,000 ರೂಪಾಯಿಯನ್ನು ಅಲ್ಲಿಯೇ, ಆ ಇಬ್ಬರು ಹಿರಿಯರನ್ನು ಕರೆಸಿ ಅವರೆದುರಿಗೆ ಕೊಟ್ಟು ಬರೆಸಿಕೊಂಡೆ. ಸಾಲದ ವ್ಯವಹಾರವನ್ನು ಬರೆದಿಡಲು ಸೂರಃ ಅಲ್‌ಬಕರಃದಲ್ಲಿ ಅಷ್ಟು ದೀರ್ಘವಾದ ಆಯತ್ ಇರುವಾಗ ನಾವು ಬಾಯಿಮಾತಿನಲ್ಲೇ ಮುಗಿಸುವುದೇಕೋ ತಿಳಿಯದು. ಉಳಿದ 5,000 ಮುಂದಿನ ತಿಂಗಳು ಕೊಟ್ಟೆ. ಅಷ್ಟರಲ್ಲಿ ಆರ್‌ಸಿ ಅವನ ಹೆಸರಿಗೆ ಆಗಿತ್ತು. ನಡುವಿನ ದಿನಗಳಲ್ಲಿ ಸೀಟ್ ಬೆಲ್ಟ್ ಹಾಕದ್ದಕ್ಕೆ ನನ್ನ ಮೊಬೈಲಿಗೊಂದು ದಂಡದ ಸಂದೇಶ ಬಂದಿತ್ತು. ಅದನ್ನು ಅವನಿಗೆ ಕಳುಹಿಸಿದೆ. ಸಂಜೆಯೊಳಗೆ ಕಟ್ಟಿ ರಸೀದಿಯ ಚಿತ್ರವನ್ನು ಕಳುಹಿಸಿದ.