ಉತ್ತಮ ಪುರುಷನ ಟೋನ್

ಇಂಗ್ಲಿಷಿನಲ್ಲಿ ಸಿಟ್ಟಿಗೇಳುವುದು ಸುಲಭ. ಬಂದ ಸಿಟ್ಟಿಗೆ ಸರಿಯಾದ ಹೆಸರು ಹೇಳುವುದೇ ಕಷ್ಟ. ಕ್ಯಾಟ್ ಪರೀಕ್ಷೆಗೋ ಬ್ಯಾಂಕ್ ಕೆಲಸಕ್ಕೋ ಓದುತ್ತಿರುವವರನ್ನು ಕೇಳಿ ನೋಡಿ. ಒಂದು ಪ್ಯಾರಾ ಕೊಟ್ಟು 'ಇಲ್ಲಿ ಲೇಖಕರ ಟೋನ್ ಯಾವುದು?' ಎನ್ನುತ್ತಾರೆ. ಕೆಳಗೆ ನಾಲ್ಕು ಆಯ್ಕೆ: ಸಾರ್ಡಾನಿಕ್, ಕಾಸ್ಟಿಕ್, ಸಿನಿಕಲ್, ಐರಾನಿಕಲ್. ನಾಲ್ಕೂ ಒಂದೇ ಮರದ ಬೇವಿನೆಲೆ; ಯಾವುದರ ಕಹಿ ಎಷ್ಟು ಎಂದು ಎರಡು ನಿಮಿಷದಲ್ಲಿ ಹೇಳಬೇಕು. ಅದಕ್ಕಾಗಿ ಪದಗಳ ಪಟ್ಟಿಯನ್ನು ಮಗ್ಗಿಯಂತೆ ಉರು ಹೊಡೆಯುತ್ತಾರೆ.

ನಮ್ಮ ಮೇಲಿನ ಮನೆಯ ಹುಡುಗಿ ಒಂದು ಸಂಜೆ ಪಟ್ಟಿ ಹಿಡಿದು ಬಂದಳು. 'ಅಂಕಲ್, ಕಂಡಿಸೆಂಡಿಂಗ್‌ಗೂ ಪೇಟ್ರನೈಸಿಂಗ್‌ಗೂ ಏನು ವ್ಯತ್ಯಾಸ?' ಎರಡೂ ಎದುರಿನವರನ್ನು ಕಿರಿಯರೆಂದು ಕಂಡು ಮಾತಾಡುವ ಧಾಟಿ. ನಾನು ಕನ್ನಡಕ ಸರಿಮಾಡಿಕೊಂಡು, 'ನೋಡಮ್ಮ, ನಿನ್ನ ವಯಸ್ಸಿಗೆ ಇದು ಅರ್ಥವಾಗುವುದು ಸ್ವಲ್ಪ ಕಷ್ಟ...' ಎಂದು ಶುರುಮಾಡಿ ಕಾಲು ಗಂಟೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಅವಳು ಮುಗ್ಧವಾಗಿ, 'ಈಗ ನೀವು ಮಾತಾಡಿದಿರಲ್ಲ, ಅದು ಎರಡರಲ್ಲಿ ಯಾವುದು?' ಎಂದಳು. ನನ್ನ ಲೆಕ್ಕದಲ್ಲಿ ಅದು ವಾತ್ಸಲ್ಯ. ಪಟ್ಟಿಯಲ್ಲಿ ಆ ಆಯ್ಕೆ ಇರಲಿಲ್ಲ.

ಇಂಥ ಪದಗಳನ್ನು ಶಿಸ್ತಾಗಿ ಸಾಲು ಹಿಡಿಸಿ ನಿಲ್ಲಿಸಿದವನು ಲಂಡನ್ನಿನ ವೈದ್ಯ ಪೀಟರ್ ಮಾರ್ಕ್ ರೋಜೆ. 1805ರಲ್ಲೇ ತನ್ನ ಉಪಯೋಗಕ್ಕೆಂದು ಒಂದು ಪದಪಟ್ಟಿ ಮಾಡಿಟ್ಟುಕೊಂಡಿದ್ದ. ಆಮೇಲೆ ವೈದ್ಯಕೀಯ, ಉಪನ್ಯಾಸ, ರಾಯಲ್ ಸೊಸೈಟಿಯ ಕಾರ್ಯದರ್ಶಿತನ ಎಲ್ಲ ಮುಗಿಸಿ, ಪಟ್ಟಿಯನ್ನು ಹಿಗ್ಗಿಸಿ 1852ರಲ್ಲಿ 'ಥೆಸಾರಸ್' ಎಂದು ಅಚ್ಚು ಹಾಕಿಸಿದಾಗ ಅವನಿಗೆ 73 ವರ್ಷ. ಇಡೀ ಇಂಗ್ಲಿಷನ್ನು ಆರು ವರ್ಗ, ಸಾವಿರ ಶೀರ್ಷಿಕೆಗಳಿಗೆ ಇಳಿಸಿದ್ದ. ಆರನೆಯ ವರ್ಗ ಭಾವನೆಗಳ ವ್ಯವಹಾರಕ್ಕೆ ಮೀಸಲು. ಒಂದು ಅಂಕಣದಲ್ಲಿ ಉಲ್ಲಾಸ, ಎದುರು ಅಂಕಣದಲ್ಲಿ ಖಿನ್ನತೆ. ಇಲ್ಲಿ ಗರ್ವ, ಅಲ್ಲಿ ವಿನಯ. ಎಲ್ಲವೂ ಅಚ್ಚುಕಟ್ಟು. ಆದರೆ ಯಾರು ಯಾರನ್ನು ಕುರಿತು ಹೇಳುವ ಪದ ಇದು ಎಂದು ತಿಳಿಸುವ ಅಂಕಣ ಮಾತ್ರ ಆ ಪುಸ್ತಕದಲ್ಲಿಲ್ಲ.

ಆ ಕೊರತೆ ತುಂಬಿದ್ದು ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್. 1948ರಲ್ಲಿ ಬಿಬಿಸಿಯ 'ಬ್ರೈನ್ಸ್ ಟ್ರಸ್ಟ್' ಕಾರ್ಯಕ್ರಮದಲ್ಲಿ ಒಂದು ಹೊಸ ಬಗೆಯ ಕ್ರಿಯಾರೂಪಾವಳಿ ಹೇಳಿದ: ನಾನು ದೃಢಚಿತ್ತ, ನೀನು ಹಟಮಾರಿ, ಅವನೋ ಹಂದಿತಲೆಯ ಮೂರ್ಖ. ಗುಣ ಒಂದೇ, ಪುರುಷ ಬದಲಾದಂತೆ ಪದದ ಬೆಲೆ ಇಳಿಯುತ್ತ ಹೋಗುತ್ತದೆ. ಜನರಿಗೆ ಈ ಆಟ ಎಷ್ಟು ಹಿಡಿಸಿತೆಂದರೆ, 'ನ್ಯೂ ಸ್ಟೇಟ್ಸ್‌ಮನ್' ಪತ್ರಿಕೆ ಇಂಥವನ್ನು ಕಟ್ಟುವ ಸ್ಪರ್ಧೆಯನ್ನೇ ನಡೆಸಿತು. ನಮ್ಮ ವೈಯಾಕರಣರು 'ನಾನು' ಎಂಬುವನನ್ನು ಉತ್ತಮ ಪುರುಷ ಎಂದು ಯಾಕೆ ಕರೆದರು ಎಂಬ ನನ್ನ ಹಳೆಯ ಅನುಮಾನ ಅಲ್ಲಿಗೆ ಪರಿಹಾರವಾಯಿತು.

ಆಮೇಲೆ ಆ ಹುಡುಗಿಯ ಪಟ್ಟಿಯ ಒಂದೊಂದು ಪದಕ್ಕೂ ಮುಂದೆ 'ನಾನು' ಸೇರಿಸಿ ನೋಡಿದೆ. ನನಗೆ ದುಃಖವಾಗಿದೆ, ಭಯವಾಗಿದೆ, ಹೊಟ್ಟೆಕಿಚ್ಚೂ ಆಗಿದೆ: ಇವೆಲ್ಲ ಧಾರಾಳವಾಗಿ ಹೇಳಬಹುದು. ಆದರೆ 'ನಾನೀಗ ನಿಮ್ಮೊಡನೆ ಸ್ನೈಡ್ ಆಗಿ (ಕೊಂಕಾಗಿ) ಮಾತಾಡುತ್ತಿದ್ದೇನೆ', 'ನಾನು ತುಂಬ ಸ್ಮಗ್ (ಸ್ವಸಂತೃಪ್ತ)' ಎಂದವರನ್ನು ನಾನಂತೂ ಕಂಡಿಲ್ಲ. ಭಾವನೆಯ ಹೆಸರು ಅದನ್ನು ಪಡುವವನ ಸೊತ್ತು. ಧಾಟಿಯ ಹೆಸರು ಅದನ್ನು ಕೇಳಿಸಿಕೊಂಡವನದು. ಪರೀಕ್ಷೆಯ ಪಟ್ಟಿಯಲ್ಲಿ ಎರಡನ್ನೂ ಒಂದೇ ಬೆಂಚಿನಲ್ಲಿ ಕೂರಿಸುವುದರಿಂದ ಮಕ್ಕಳಿಗೆ ಈ ಭೇದ ತಿಳಿಯುವುದೇ ಇಲ್ಲ.

ಕೇಳಿಸಿಕೊಂಡವನ ಕೈಯಲ್ಲಿ ಅಧಿಕಾರವೂ ಇದ್ದರೆ ಕಥೆಯೇ ಬೇರೆ. ಈಗ ಗಂಡ ಹೆಂಡಿರ ಜಗಳದಲ್ಲೂ ಬಂದು ಕೂತಿರುವ 'ಪ್ಯಾಸಿವ್ ಅಗ್ರೆಸಿವ್' ಹುಟ್ಟಿದ್ದು ಅಮೆರಿಕದ ಸೈನ್ಯದಲ್ಲಿ. 1945ರಲ್ಲಿ ಸೈನ್ಯದ ಮನೋವೈದ್ಯ ವಿಲಿಯಂ ಮೆನಿಂಜರ್, ಎದುರಾಡದೆ ಮುಖ ಊದಿಸಿಕೊಂಡು, ಹೇಳಿದ ಕೆಲಸವನ್ನು ಮುಂದೂಡುತ್ತ ಮೊಂಡು ಹಿಡಿಯುವ ಸೈನಿಕರಿಗೆ ಅಧಿಕೃತ ಸುತ್ತೋಲೆಯಲ್ಲಿ ಕೊಟ್ಟ ಹೆಸರು ಅದು. ಅದೇ ಸ್ಥಿತಿಗೆ ಹೆಸರಿಡಲು ಸಿಪಾಯಿಗೆ ಬಿಟ್ಟಿದ್ದರೆ 'ಸಾಕಾಗಿದೆ' ಎನ್ನುತ್ತಿದ್ದನೋ ಏನೋ. ಸುತ್ತೋಲೆ ಬರೆಯುವ ಅಧಿಕಾರ ಅವನಿಗಿರಲಿಲ್ಲ.

ಬೆಂಗಳೂರಿನ ಆಫೀಸುಗಳ ವಾರ್ಷಿಕ ಅಪ್ರೈಸಲ್‌ನಲ್ಲೂ ಈ ವ್ಯಾಕರಣವೇ ನಡೆಯುತ್ತದೆ. ಮೀಟಿಂಗಿನಲ್ಲಿ ದನಿ ಎತ್ತಿದ ಗಂಡಸು 'ಅಸರ್ಟಿವ್'. ಅಷ್ಟೇ ದನಿ ಎತ್ತಿದ ಹೆಂಗಸು 'ಅಗ್ರೆಸಿವ್' ಆಗುವುದುಂಟು. ಪ್ರಶ್ನೆ ಕೇಳುವ ಹುಡುಗನಿಗೆ 'ಆಟಿಟ್ಯೂಡ್ ಪ್ರಾಬ್ಲಂ' ಇರುತ್ತದೆ. ಉತ್ತರ ಕೊಡದ ಮ್ಯಾನೇಜರಿಗೆ ಯಾವ ಪ್ರಾಬ್ಲಮ್ಮೂ ಇರುವುದಿಲ್ಲ. ವಿಶೇಷಣ ಓದಿ ಗೊತ್ತಾಗುವುದು ಬಹಳ ಸಲ ಬರೆಸಿಕೊಂಡವನ ಸ್ವಭಾವವಲ್ಲ, ಬರೆದವನ ಕುರ್ಚಿಯ ಎತ್ತರ.

ಹಾಗೆಂದು ಪಟ್ಟಿಯನ್ನು ಹರಿದುಹಾಕಬೇಕಿಲ್ಲ. ಯಾರೋ ನಯವಾಗಿ ಚುಚ್ಚಿ ಹೋದಾಗ ನೋವು ಎಲ್ಲಿಂದ ಬಂತೆಂದು ಗುರುತಿಸಲು ಹೆಸರು ಬೇಕೇ ಬೇಕು. ಈ ಪದಗಳಿಗೆ ಉತ್ತಮ ಪುರುಷ ಪೂರ್ತಿ ನಿಷಿದ್ಧವೂ ಅಲ್ಲ. ವರ್ತಮಾನದಲ್ಲಿ ಒಗ್ಗದ ಪದ ಭೂತಕಾಲದಲ್ಲಿ ಸಲೀಸಾಗಿ ಕೂರುತ್ತದೆ: 'ನಿನ್ನೆ ನಿಮ್ಮ ಹತ್ತಿರ ಸ್ವಲ್ಪ ಕೊಂಕಾಗಿ ಮಾತಾಡಿಬಿಟ್ಟೆ.' ಕ್ಷಮೆ ಕೇಳುವವನು ಮಾಡುವುದು ಇಷ್ಟೇ; ಕೇಳಿಸಿಕೊಂಡವನ ಪದವನ್ನು ಒಂದು ದಿನ ತಡವಾಗಿ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ.